ಹದಿನಾಲ್ಕು ಮಂದಿಯ ಲೈನ್

ಜನವರಿ 8, ಬುಧವಾರ

ಬಸ್ಸು ಇವತ್ತೂ ಐದು ಐವತ್ತಕ್ಕೇ ಬಂತು. ಖರಾಡಿ ಬೈಪಾಸಿನಿಂದ ರಾಂಜಣಗಾಂವದ ಫ್ಯಾಕ್ಟರಿಗೆ ಒಂದೂಕಾಲು ಗಂಟೆ. ಕಂಪನಿ ಕೊಟ್ಟ ಸೇಫ್ಟಿ ಶೂ ಒಂದು ಸೈಜ್ ದೊಡ್ಡದು. ಎರಡು ಜೊತೆ ಸಾಕ್ಸ್ ಹಾಕಿಕೊಂಡರೆ ಪರವಾಗಿಲ್ಲ.

ಟ್ರೇನಿಂಗಿನ ಮೂರನೇ ದಿನ. ಒಟ್ಟು ಹನ್ನೆರಡು ವಾರದ ಲೆಕ್ಕ. ಮುಗಿದ ಮೇಲೆ ಸರ್ಟಿಫಿಕೇಟ್, ಅದು ಇದ್ದರೆ ಡಿಪ್ಲೊಮಾ. ನಮ್ಮ ಪಾಲಿಟೆಕ್ನಿಕ್‌ನ ಅರವತ್ತು ಜನರಲ್ಲಿ ಈ ವಾಷಿಂಗ್ ಮಷೀನ್ ಕಂಪನಿಗೆ ಆಯ್ಕೆಯಾದವಳು ನಾನೊಬ್ಬಳೇ. ಅಪ್ಪ ಗೌಂಡಿ, ಮನೆ ಕಟ್ಟುವ ಕೆಲಸ. ಸೈಟಿನಲ್ಲಿ ಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದಾರಂತೆ.

ಏಳನೇ ತನಕ, ಈ ಮರಾಠಿ ಸೀಮೆಗೆ ಬರುವ ಮೊದಲು, ಊರಲ್ಲಿ ಕಲಿತ ಕನ್ನಡ ಇನ್ನೂ ಕೈಗೆ ಬರುತ್ತದೆ. ತಮ್ಮನಿಗೆ ಓದಲು ಮರಾಠಿ ಮಾತ್ರ ಗೊತ್ತು. ಅವ್ವನಿಗೆ ಅದೂ ಇಲ್ಲ. ಅಂದರೆ ಈ ನೋಟ್‌ಬುಕ್ ಎಲ್ಲಿಟ್ಟರೂ ಭದ್ರ.

ಜನವರಿ 13, ಸೋಮವಾರ

ನನ್ನ ಗೈಡ್ ಹರ್ಷಿತಾ ಮೇಡಂ. ತುಮಕೂರಿನವರು. ಪ್ಲಾಂಟಿನಲ್ಲಿ ಕೆಲಸದ ಅಳತೆ, ಸಮಯದ ಅಳತೆ ಎಲ್ಲ ಅವರ ಡಿಪಾರ್ಟ್‌ಮೆಂಟಿನದು. ಮಧ್ಯಾಹ್ನ ಡಬ್ಬಿಯಿಂದ ಚಿತ್ರಾನ್ನ ಕೊಟ್ಟರು. ಇಷ್ಟು ದೊಡ್ಡ ಕ್ಯಾಂಟೀನಿನಲ್ಲಿ ನಮ್ಮದೊಂದೇ ಕನ್ನಡದ ಟೇಬಲ್. ನನ್ನ ಮಾರ್ಕ್ಸ್ ನೋಡಿ ತಾವೇ ಸೆಲೆಕ್ಟ್ ಮಾಡಿದ್ದು ಅಂದರು.

ಪ್ರಾಜೆಕ್ಟ್ ಸಿಕ್ಕಿತು. ಲೈನ್ ನಾಲ್ಕು. ಮಷೀನಿನ ಒಳಗಿನ ವೈರುಗಳನ್ನು ಬೋರ್ಡಿನ ಮೇಲೆ ಜೋಡಿಸಿ, ಟೇಪು ಸುತ್ತಿ ಕಟ್ಟು ಮಾಡುವ ಜಾಗ. ಹದಿನಾಲ್ಕು ಹೆಂಗಸರು, ಎಲ್ಲ ಕಾಂಟ್ರ್ಯಾಕ್ಟಿನವರು, ಯಾದಗಿರಿ-ಕಲಬುರ್ಗಿ ಕಡೆಯವರೇ ಹೆಚ್ಚು. ಎಂಟು ಗಂಟೆ ನಿಂತೇ ಕೆಲಸ. ಸ್ಟಾಪ್‌ವಾಚ್ ಹಿಡಿದು ಪ್ರತಿಯೊಬ್ಬರ ಕೆಲಸ ಬರೆದುಕೊಳ್ಳಬೇಕು.

"ಅವ್ರಿಗೆ ಸ್ಟೂಲ್ ಕೊಡಿಸ್ಬೇಕು ಶಿವಕಾಂತಾ. ಎಷ್ಟು ಸ್ಟ್ರೇನ್ ಆಗ್ತಿದೆ ಅಂತ ಡೇಟಾ ಇಲ್ದೆ ಮ್ಯಾನೇಜ್‌ಮೆಂಟ್ ಒಪ್ಪಲ್ಲ. ಎಲ್ಲಾ ಬರ್ಕೋ, ಏನೂ ಬಿಡ್ಬೇಡ."

ಮೊದಲ ಕೆಲಸವೇ ಇಂಥದ್ದು. ಖುಷಿಯಾಯಿತು.

ಜನವರಿ 22, ಬುಧವಾರ — ಬಸ್ಸಿನಲ್ಲಿ

ಎಂಟು ದಿನದ ರೀಡಿಂಗ್. ಎಲ್ಲವೂ ಒಂದೇ. ಒಂದೊಂದು ಕಟ್ಟಿಗೆ ಸರಿಯಾಗಿ ಮೂರು ನಿಮಿಷ, ಒಂದು ಸೆಕೆಂಡು ಹೆಚ್ಚಿಲ್ಲ, ಕಡಿಮೆಯಿಲ್ಲ. ನಾನು ಹೋದ ಕೂಡಲೇ ಮಾತು ನಿಲ್ಲುತ್ತದೆ.

ಇವತ್ತು ಶರಣಮ್ಮಕ್ಕ ಬಾಯಿಬಿಟ್ಟರು. ಶಹಾಪುರ ಕಡೆಯವರು. ಲೈನಿನಲ್ಲಿ ಎಲ್ಲರಿಗಿಂತ ಹಿರಿಯರು, ಒಂಬತ್ತು ವರ್ಷದಿಂದ ಇದ್ದಾರೆ. ಹಿಂದೆಯೂ ಒಬ್ಬ ಗಡಿಯಾರ ಹಿಡಿದು ಬಂದಿದ್ದನಂತೆ. ಅವನು ಹೋದ ತಿಂಗಳಲ್ಲೇ ಟಾರ್ಗೆಟ್ ಏರಿತಂತೆ. ಇದು ಅದಲ್ಲ, ಸ್ಟೂಲಿಗೆ, ಅಂದೆ. ಯಾರು ಹೇಳಿದರು ಎಂದು ಕೇಳಿದರು. ನಮ್ಮ ಮೇಡಂ, ಅವರೂ ಕನ್ನಡದವರೇ, ಅಂದೆ. ನಮ್ಮ ಅಪ್ಪನ ಊರು, ಮನೆತನ ಎಲ್ಲ ವಿಚಾರಿಸಿದರು.

ಫೆಬ್ರವರಿ 4, ಮಂಗಳವಾರ

ಈಗ ಅವರ ಜೊತೆಗೇ ಊಟ. ರೊಟ್ಟಿ, ಶೇಂಗಾ ಚಟ್ನಿ. ನನ್ನ ಡಬ್ಬಿ ತೆಗೆಯಲು ಬಿಡುವುದಿಲ್ಲ.

ಗುಟ್ಟು ತಿಳಿಯಿತು. ಟೇಪಿನ ಉಂಡೆ ಕೆಳಗಿನ ಟ್ರೇನಲ್ಲಿರುತ್ತದೆ. ಪ್ರತಿ ಸಲ ಬಗ್ಗಿ ತೆಗೆಯಬೇಕು. ಶರಣಮ್ಮಕ್ಕ ಅದಕ್ಕೆ ದಾರ ಕಟ್ಟಿ ಕಣ್ಣಿನ ಎತ್ತರಕ್ಕೆ ಇಳಿಬಿಟ್ಟಿದ್ದಾರೆ. ಸೂಪರ್‌ವೈಸರ್ ಬಂದರೆ ಬಿಚ್ಚುತ್ತಾರೆ. ಒಂದೊಂದು ಕಟ್ಟಿಗೆ ನಲವತ್ತು ಸೆಕೆಂಡು ಉಳಿತಾಯ. ಆ ಉಳಿದ ಹೊತ್ತನ್ನು ಕೂಡಿಸಿ, ಸರದಿಯ ಮೇಲೆ ಒಬ್ಬೊಬ್ಬರು ಖಾಲಿ ಡಬ್ಬಗಳ ರ‍್ಯಾಕಿನ ಹಿಂದೆ ಹೋಗಿ ಕೂರುತ್ತಾರೆ. ಭಾಗ್ಯಾಳಿಗೆ ಎರಡು ಸರದಿ—ಐದು ತಿಂಗಳ ಬಸುರಿ, ಕಾಲು ಬಾತಿರುತ್ತದೆ. ಟಾರ್ಗೆಟ್ ಒಂದು ದಿನವೂ ತಪ್ಪಿಲ್ಲ. ನನ್ನ ಪುಸ್ತಕದಲ್ಲಿ ಕಲಿಸಿದ್ದನ್ನೆಲ್ಲ ಈ ಹೆಂಗಸು ದಾರದಲ್ಲಿ ಮಾಡಿದ್ದಾರೆ.

"ಇದೊಂದು ಬರಿಬ್ಯಾಡ, ತಂಗಿ" ಅಂದರು.

ಹೂಂ ಎಂದು ತಲೆಯಾಡಿಸಿದೆ.

ಫೆಬ್ರವರಿ 6, ಗುರುವಾರ

ಬರೆದೆ. ಮೇಡಂಗೆ ಮೊದಲು ಬಾಯಲ್ಲಿ ಹೇಳಿದ್ದೆ. ಇದೇ ಸ್ಟ್ರಾಂಗ್ ಪಾಯಿಂಟ್, ಕದ್ದು ಕೂರುವಷ್ಟು ಕಷ್ಟ ಇದೆ ಅಂತ ಪ್ರೂಫ್ ಆಗುತ್ತೆ, ನಮ್ಮಿಬ್ಬರ ನಡುವೆ ಇರುತ್ತೆ, ಅಂದರು. ರ‍್ಯಾಕಿನ ಹಿಂದಿನ ಜಾಗದ ಫೋಟೊ ಕೂಡ ಕೇಳಿದರು. ತೆಗೆದುಕೊಟ್ಟೆ.

ಸ್ಟೂಲು ಬಂದ ದಿನ ಶರಣಮ್ಮಕ್ಕನಿಗೆ ಹೇಳಿಬಿಡುತ್ತೇನೆ. ಆಗ ಬೇಜಾರಾಗಲಿಕ್ಕಿಲ್ಲ.

ಫೆಬ್ರವರಿ 21, ಶುಕ್ರವಾರ

ಪ್ರೆಸೆಂಟೇಶನ್. ಪ್ಲಾಂಟ್ ಹೆಡ್ ಬಂದಿದ್ದರು. ಮೊದಲ ಸ್ಲೈಡಿನಲ್ಲಿ ಮೇಡಂ ಹೆಸರು, ಕೆಳಗೆ ನನ್ನದು. ಐದನೇ ಸ್ಲೈಡಿನಲ್ಲಿ ದಾರಕ್ಕೆ ತೂಗುವ ಟೇಪು, 'ಬೆಸ್ಟ್ ಪ್ರ್ಯಾಕ್ಟೀಸ್' ಎಂದು. ಆರನೆಯದರಲ್ಲಿ ನಾನು ತೆಗೆದ ಫೋಟೊ, 'ಐಡಲ್ ಟೈಮ್', ಅಂದರೆ ಕೆಲಸವಿಲ್ಲದೆ ಕಳೆದ ಹೊತ್ತು. ಏಳನೆಯದರಲ್ಲಿ ಎರಡೇ ಅಂಕಿ. ಈಗ ಹದಿನಾಲ್ಕು, ಮುಂದೆ ಹನ್ನೊಂದು.

ಸ್ಟೂಲಿನ ಸ್ಲೈಡ್ ಬರಲೇ ಇಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ಲಾಂಟ್ ಹೆಡ್ ನನ್ನ ಕೈ ಕುಲುಕಿದರು. ಥ್ಯಾಂಕ್ ಯೂ ಸರ್ ಅಂದೆ. ಬಾಯಿಂದ ಅದೇ ಬಂತು.

ಮಾರ್ಚ್ 3, ಸೋಮವಾರ

ಗೇಟಿನಲ್ಲಿ ಮೂವರ ಕಾರ್ಡು ಓಡಲಿಲ್ಲ. ಶರಣಮ್ಮಕ್ಕ. ಕೃಷ್ಣಾಬಾಯಿ. ಭಾಗ್ಯಾ. ಕಾಂಟ್ರ್ಯಾಕ್ಟರ್ ಪಕ್ಕಕ್ಕೆ ಕರೆದು ಇನ್ನು ಬರಬೇಡಿ ಅಂದನಂತೆ. ನಾನು ಬಸ್ಸಿನಿಂದ ಇಳಿಯುವಾಗ ಶರಣಮ್ಮಕ್ಕ ಕಾಂಪೌಂಡಿನ ಹೊರಗೆ ನಿಂತಿದ್ದರು. ನೋಡಿದರು. ಆಮೇಲೆ ರಸ್ತೆಯ ಕಡೆ ತಿರುಗಿದರು.

ಲೈನಿನಲ್ಲಿ ಬೋರ್ಡುಗಳ ಮೇಲೆ ಕಬ್ಬಿಣದ ಕೊಕ್ಕೆ ಬಂದಿವೆ, ಟೇಪು ತೂಗಲು. ಖಾಲಿ ಡಬ್ಬದ ರ‍್ಯಾಕ್ ಎತ್ತಿಬಿಟ್ಟಿದ್ದಾರೆ. ಊಟಕ್ಕೆ ಹೋದೆ. ಹನ್ನೊಂದು ಮಂದಿ ಒತ್ತಿಕೊಂಡು ಕೂತಿದ್ದರು. ಯಾರೂ ಸರಿದು ಜಾಗ ಕೊಡಲಿಲ್ಲ.

ಮಾರ್ಚ್ 4, ಮಂಗಳವಾರ

ಮೇಡಂ ಕ್ಯಾಬಿನ್. ಸ್ಟೂಲು ಅಂದಿದ್ದಿರಿ ಎಂದೆ. ಕೇಳಿದ್ದೆ, ಅಪ್ರೂವ್ ಆಗಲಿಲ್ಲ, ಮುಂದಿನ ಫೇಸ್‌ನಲ್ಲಿ ನೋಡೋಣ, ಅಂದರು. ಭಾಗ್ಯಾ ಬಸುರಿ ಅಂದೆ. ಅವರು ಕಂಪನಿಯ ರೋಲ್‌ನಲ್ಲಿ ಇಲ್ಲ, ಕಾಂಟ್ರ್ಯಾಕ್ಟರನ್ನು ಕೇಳಬೇಕು ಅಂದರು. ಆಮೇಲೆ ದನಿ ತಗ್ಗಿಸಿ, ನಾನೂ ಮೊದಲ ವರ್ಷ ಬಾತ್‌ರೂಮಿಗೆ ಹೋಗಿ ಅತ್ತಿದ್ದೆ, ಅಭ್ಯಾಸ ಆಗುತ್ತೆ, ಅಂದರು.

ಆ ಮಾತು ಖರೆ ಇರಬಹುದು. ಅದಕ್ಕೇ ಹೆಚ್ಚು ಭಯವಾಯಿತು.

ಮಾರ್ಚ್ 12, ಬುಧವಾರ

ವಾರದಿಂದ ಏನೂ ಬರೆದಿಲ್ಲ.

ಕಾಲೇಜಿನ ರಿಪೋರ್ಟಿಗೆ ಪ್ರಾಜೆಕ್ಟಿನ ಅಪ್ರೂವಲ್ ಹಾಳೆ ಲಗತ್ತಿಸಬೇಕು. ಫೋಲ್ಡರಿನಲ್ಲಿದೆ, ಪ್ರಿಂಟ್ ತಗೋ ಅಂತ ಮೇಡಂ ಫೋನಿನಲ್ಲೇ ಹೇಳಿದರು. ಅದರೊಳಗೆ ಏನಿದೆ ಎಂದು ಅವರಿಗೇ ಮರೆತಿತ್ತೋ ಏನೋ. ತಾರೀಖು ಡಿಸೆಂಬರ್ 2. ನಾನು ಕಂಪನಿಗೆ ಕಾಲಿಡುವ ಐದು ವಾರ ಮೊದಲು. ಉದ್ದೇಶ: ಲೈನ್ ನಾಲ್ಕರಲ್ಲಿ ಮೂರು ಜನರ ಕಡಿತ. ಸ್ಟೂಲು ಎಂಬ ಪದವೇ ಇಲ್ಲ. ಕೊನೆಗೆ, ಬೇಕಾದವರು: ಒಬ್ಬ ಟ್ರೇನಿ, ಹುಡುಗಿ, ಕನ್ನಡ ಬರಬೇಕು.

ಮಾರ್ಕ್ಸಿನ ಮಾತು ಎಲ್ಲಿಯೂ ಇಲ್ಲ.

ಮೂರು ಸಲ ಓದಿದೆ. ಆ ಚಿತ್ರಾನ್ನ... ಆ ಟೇಬಲ್... ಎಲ್ಲ ಈ ಹಾಳೆಯೊಳಗಿನದೇ.

ಮಾರ್ಚ್ 16, ಭಾನುವಾರ

ಹಾಳೆ ಹಿಡಿದುಕೊಂಡು ಶರಣಮ್ಮಕ್ಕನ ಒಂಟಿ ಖೋಲಿಯ ಮನೆಗೆ ಹೋದೆ. ಹೊಸ್ತಿಲಲ್ಲೇ ನಿಂತು ಓದಿ ಹೇಳಿದೆ. ನನಗೂ ಮೋಸ ಮಾಡಿದರು ಅಕ್ಕಾ, ಅಂದೆ. ಅಳು ಬಂತು. ಅವರಿಗೆ ಬರಲಿಲ್ಲ.

"ನಿನಗ ಮೋಸ ಮಾಡಿದಾಕಿ ಆ ಮೇಡಂ. ನನಗ ಮಾಡಿದಾಕಿ ನೀನು. ನಾ ಆಕಿ ಮಾರಿನೂ ನೋಡಿಲ್ಲ, ತಂಗಿ. ಬರಿಬ್ಯಾಡ ಅಂತ ನಿನಗ ಹೇಳಿದ್ದೆ."

ನೀರು ಕೊಟ್ಟರು. ಕುಡಿದೆ. ಭಾಗ್ಯಾಳ ಗಂಡ ಕಾರ್ಮಿಕ ಕಚೇರಿಗೆ ಅರ್ಜಿ ಹಾಕಿದ್ದಾನೆ, ಆದರೆ ಕೈಯಲ್ಲಿ ಕಾಗದವೊಂದೂ ಇಲ್ಲ, ಎಂದು ಬೇರೆ ಕಡೆ ನೋಡುತ್ತ ಹೇಳಿದರು. ಆ ಹಾಳೆ ಕೊಡು ಎಂದು ಕೇಳಲಿಲ್ಲ. ಹೇಳಿದರು, ಅಷ್ಟೇ.

ಮಾರ್ಚ್ 28, ಶುಕ್ರವಾರ

ಕೊನೆಯ ದಿನ. ರಿಪೋರ್ಟಿನ ಕೊನೆಗೆ ಎರಡು ಪುಟ ಸೇರಿಸಿದ್ದೆ. ದಾರದ ಉಪಾಯ ಶರಣಮ್ಮ ಅವರದು, ಸ್ಟೂಲು ಕೊಡುತ್ತೇವೆ ಎಂದು ನಂಬಿಸಿ ಮಾಹಿತಿ ಪಡೆದದ್ದು, ಆಮೇಲೆ ಆದದ್ದು. ಹಿಂದೆ ಡಿಸೆಂಬರಿನ ಹಾಳೆ.

ಮೇಡಂ ಓದಿದರು. ಡ್ರಾಯರಿನಿಂದ ಸರ್ಟಿಫಿಕೇಟ್ ತೆಗೆದು ಟೇಬಲಿನ ಮೇಲಿಟ್ಟರು. ನನ್ನ ಹೆಸರು ದಪ್ಪ ಅಕ್ಷರದಲ್ಲಿ. ಪಕ್ಕದಲ್ಲಿ ಕೆಲಸದ ಆಫರ್ ಲೆಟರ್.

"ಲಾಸ್ಟ್ ಎರಡು ಪೇಜ್, ಆ ಶೀಟ್ ತೆಗ್ದುಬಿಡು. ಈಗ್ಲೇ ಸೈನ್ ಹಾಕ್ತೀನಿ. ನಿಮ್ಮಪ್ಪನ್ನ ಒಂದ್ಸಲ ನೆನಪು ಮಾಡ್ಕೊ."

ನೆನಪು ಮಾಡಿಕೊಂಡೆ. ಪಿನ್ನಿಗೆ ಉಗುರು ಹಾಕಿದ್ದೂ ಹೌದು. ಎರಡು ಹಾಳೆ ಅರ್ಧ ಬಿಚ್ಚಿಕೊಂಡವು. ಸುಳ್ಳು ಬರೆಯುವುದಿಲ್ಲ ಇಲ್ಲಿ. ಪೆನ್ನು ಆಗಲೇ ಅವರ ಕೈಯಲ್ಲಿತ್ತು, ಕ್ಯಾಪ್ ತೆಗೆದಿತ್ತು. ಅಷ್ಟು ಖಾತರಿ ಇತ್ತು ಅವರಿಗೆ ನನ್ನ ಮೇಲೆ.

ಹಾಳೆಗಳನ್ನು ಮತ್ತೆ ಪಿನ್ನಿನೊಳಗೆ ಒತ್ತಿ, ರಿಪೋರ್ಟ್ ತೆಗೆದುಕೊಂಡು ಹೊರಗೆ ಬಂದೆ. ಸಹಿ ಇಲ್ಲ, ಸರ್ಟಿಫಿಕೇಟ್ ಇಲ್ಲ.

ಮಾರ್ಚ್ 31, ಸೋಮವಾರ

ಕಾಲೇಜಿನಲ್ಲಿ ಹೇಳಿದರು, ಬೇರೆ ಕಂಪನಿಯಲ್ಲಿ ಮತ್ತೆ ಹನ್ನೆರಡು ವಾರ ಮಾಡಬೇಕು. ಡಿಪ್ಲೊಮಾ ಈ ವರ್ಷಕ್ಕಿಲ್ಲ. ಮನೆಯಲ್ಲಿ ಶುಕ್ರವಾರವೇ ಎಲ್ಲ ಹೇಳಿದ್ದೆ. ಇವತ್ತು ಬೆಳಿಗ್ಗೆ ಸೈಟಿಗೆ ಹೊರಡುವಾಗ ಅಪ್ಪ, ಆ ಬಸುರಿ ಹುಡುಗಿ ಹೇಗಿದ್ದಾಳೆ ಎಂದು ಕೇಳಿದರು.

ಏಪ್ರಿಲ್ 9, ಬುಧವಾರ — ಹನ್ನೊಂದು ಗಂಟೆ, ಕಾರ್ಮಿಕ ಕಚೇರಿ

ವರಾಂಡದಲ್ಲಿ ಕೂತು ಬರೆಯುತ್ತಿದ್ದೇನೆ. ಡಿಸೆಂಬರಿನ ಹಾಳೆ ಒಳಗೆ ಕೊಟ್ಟಾಯಿತು. ಸಾಹೇಬರು ಎರಡು ಸಲ ಓದಿದರು. ಕಂಪನಿಯವರಿಗೂ ಕಾಂಟ್ರ್ಯಾಕ್ಟರಿಗೂ ನೋಟಿಸ್ ಹೋಗುತ್ತದೆ. ಬಸುರಿ ಎಂದು ಭಾಗ್ಯಾಳದ್ದು ಮೊದಲು ಕೇಳುತ್ತಾರಂತೆ. ಉಳಿದಿಬ್ಬರದು ಕಷ್ಟ ಅಂದರು.

ಹೇಳಿಕೆ ಮರಾಠಿಯಲ್ಲಿ ಬರೆದುಕೊಡಬೇಕು. ಶರಣಮ್ಮಕ್ಕನಿಗೆ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಕೃಷ್ಣಾಬಾಯಿಗೂ ಇಲ್ಲ. ಬರೆದುಕೊಡುವ ಏಜೆಂಟ್ ಇವತ್ತು ಬಂದಿಲ್ಲ. ನಾನು ಬರೆಯಲೇ ಎಂದು ಕೇಳಲು ಧೈರ್ಯವಾಗಲಿಲ್ಲ.

ಈಗ ಶರಣಮ್ಮಕ್ಕನೇ ಎದ್ದು ಬಂದು ಖಾಲಿ ಹಾಳೆ ನನ್ನ ಮುಂದಿಟ್ಟರು.

"ನಾ ಹೇಳಿದ್ದಷ್ಟ ಬರಿ. ಬರದು ನನಗ ಓದಿ ಹೇಳು. ಆಮ್ಯಾಲ ಹೆಬ್ಬಟ್ಟು ಒತ್ತತೀನಿ."

ಶುರು ಮಾಡಿದ್ದಾರೆ, ಊರಿನ ಹೆಸರಿನಿಂದ. ಈ ನೋಟ್‌ಬುಕ್ ಮುಚ್ಚಬೇಕು, ಅವರು ನನ್ನ ಕೈಯನ್ನೇ ನೋಡುತ್ತಿ—