ನಾನು ತಿರುಗಿಸಿ ಹೇಳಿದ ಕಂತು

ಮೊಳಕಾಲ್ಮುರು
ಭಾನುವಾರ

ಅತ್ತೆಯವರಿಗೆ ವನಜಾಕ್ಷಿ ಮಾಡುವ ನಮಸ್ಕಾರಗಳು.

ಮಂಡಿನೋವು ಹೆಂಗೈತೆ? ಇವತ್ತಿನ ಬಸ್ಸಿನ ಕಂಡಕ್ಟರ್ ಕೈಲಿ ಈ ಕಾಗದದ ಜೊತೆ ಎಣ್ಣೆ ಕಳಿಸಿದ್ದೀನಿ, ಬಿಸಿ ಮಾಡಿ ಹಚ್ಕೊಳ್ರಿ.

ನಿಮ್ಮ ಪಕ್ಕದ ಮನೆ ಸ್ವಪ್ನ ಫೋನ್ ಮಾಡಿದ್ಲು. ಆಗ ನೀವೂ ನಾನೂ ಕೂತು ನೋಡ್ತಿದ್ದ ಇಂಗ್ಲೆಂಡಿನ ಧಾರಾವಾಹಿಯ ಹಳೇ ಕಂತುಗಳನ್ನ ಮತ್ತೆ ಹಾಕಿಸ್ಕೊಂಡು, ಅವಳ ಕೈಲಿ ಕನ್ನಡದಲ್ಲಿ ಹೇಳಿಸ್ಕೊಳ್ತಿದ್ದೀರಂತೆ. ಅವಳು ಹೇಳೋಕ್ಕಿಂತ ಮುಂಚೆ ನಾನೇ ಹೇಳ್ಬೇಕು.

ನಿಮಗೆ ಇಂಗ್ಲಿಷ್ ಬರಲ್ಲ ಅಂತ ಒಂದು ಕಂತನ್ನ ತಿರುಗಿಸಿ ಹೇಳಿದ್ದೆ. ಗಂಡ ಸತ್ತ ಸೊಸೆಗೆ ಅತ್ತೇನೇ ಮುಂದೆ ನಿಂತು ಇನ್ನೊಂದು ಮದುವೆ ಮಾಡಿಸ್ತಾಳೆ ಅಂದಿದ್ದೆನಲ್ಲ, ಅದು ಸುಳ್ಳು. ಆ ಅತ್ತೆ ಅವಳನ್ನ ಮನೆಯಿಂದ ಓಡಿಸ್ತಾಳೆ. ಈಗಿನ ನಮ್ಮನೆಯವರು ಆಗ ನನ್ನನ್ನ ಮದುವೆಗೆ ಕೇಳಿದ್ದನ್ನ ನಿಮ್ಮ ಹತ್ರ ಎತ್ತೋಕೆ ಧೈರ್ಯ ಬರದೆ ಹಂಗೆ ಮಾಡಿದೆ. ಮರುದಿನ ವಿಷಯ ಹೇಳಿದ್ದಕ್ಕೆ ನೀವೇ ಮುಂದೆ ನಿಂತು ನಮ್ಮ ಮದುವೆ ನಡೆಸಿದ್ರಿ. ಆಗ ನಿಮ್ಮ ಮಗ ಹೋಗಿ ಎರಡು ವರ್ಷಾನೂ ತುಂಬಿರಲಿಲ್ಲ.

ಚಳ್ಳಕೆರೆಗೆ ಬರೋಕೆ ಬಿಡುವಿಲ್ಲ ಅಂತ ಹೇಳ್ತಾ ಬಂದಿದ್ದೂ ಸುಳ್ಳೇ. ನಿಮ್ಮ ಮುಖ ನೋಡೋಕೆ ನಾಚಿಕೆ ಆಗ್ತಿತ್ತು.

ನಿನ್ನೆ ಆ ಕಂತನ್ನ ನಾನೂ ಮತ್ತೆ ನೋಡಿದೆ. ಅತ್ತೆ ಸೊಸೆಯ ಪೆಟ್ಟಿಗೇನ ಬೀದಿಗೆ ಎಸೆದು ಬಾಗಿಲು ಹಾಕ್ಕೊಳ್ತಾಳೆ. ಅದು ಗೊತ್ತಾಗೋಕೆ ಇಂಗ್ಲಿಷ್ ಬೇಕಾಗಿಲ್ಲ. ಅವತ್ತು ನಾನು ತಲೆ ತಗ್ಗಿಸಿ ಕಥೆ ಹೇಳ್ತಿದ್ದೆ, ನೀವು ಕಣ್ಣು ಮಿಟುಕಿಸದೆ ನೋಡ್ತಿದ್ರಿ. ಪೂರ್ತಿ ನೋಡಿ, "ಒಳ್ಳೆ ಅತ್ತೆ ಬಿಡವ್ವ" ಅಂದು ಒಲೆ ಹಚ್ಚೋಕೆ ಎದ್ದು ಹೋದ್ರಿ.

ನಾಳೆ ಮೊದಲನೇ ಬಸ್ಸಿಗೆ ಬರ್ತೀನಿ.

ನಿಮ್ಮ ಸೊಸೆ,
ವನಜಾಕ್ಷಿ