ಹಬ್ಬವಿಲ್ಲದ ಮನೆಯ ಕರ್ಚಿಕಾಯಿ

ಗೋಕಾಕ
೨೪ ಅಕ್ಟೋಬರ್ ೨೦೨೫

ಪ್ರೀತಿಯ ಶೈಲಾ,

ಹುಕ್ಕೇರಿಯಿಂದ ನೀನು ಕಳಿಸಿದ ದೀಪಗಳು ಫೋನಿನಲ್ಲಿ ಮಿಣುಕುತ್ತ ಬಂದವು. ಅವುಗಳ ಹಿಂದೆ ಇನ್ನೂ ಅರವತ್ತೆರಡು ಜನರ ದೀಪಗಳು ಬಂದವು. ನಮ್ಮ ಬಾಳು ಬೆಳಗಲಿ ಎಂದು ಎಲ್ಲರೂ ಹಾರೈಸಿದ್ದಾರೆ. ಅವರಿಗೆಲ್ಲ ಕೈಮುಗಿದ ಚಿತ್ರ ಕಳಿಸಿದೆ. ನಿನಗೆ ಕಾಗದ ಬರೆಯುತ್ತಿದ್ದೇನೆ. ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ ಎಂದು ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತ ನಿನಗೆ ಗೊತ್ತು.

ಅಪ್ಪ ತೀರಿಕೊಂಡು ಐದು ತಿಂಗಳಾಯಿತು. ಹಾಗಾಗಿ ಈ ವರ್ಷ ನಮಗೆ ಹಬ್ಬವಿಲ್ಲ. ಒಲೆಯ ಮೇಲೆ ಎಣ್ಣೆಯ ಕಡಾಯಿ ಇಡುವಂತಿಲ್ಲ. ಓಣಿಯವರು, ಬಂಧುಗಳು ತಾವು ಕರಿದದ್ದನ್ನು ತಂದುಕೊಟ್ಟು, ಅವ್ವನ ಕೊರಳು ತಬ್ಬಿ ಅತ್ತು ಹೋಗುತ್ತಾರೆ. ಅಮಾವಾಸ್ಯೆಯ ಹೊತ್ತಿಗೆ ಮನೆಯಲ್ಲಿ ಮೂರು ಡಬ್ಬಿ ಚಕ್ಕಲಿ, ಒಂದು ಬುಟ್ಟಿ ಹೋಳಿಗೆ, ಇರುವೆ ಹತ್ತಿದ ಶಂಕರಪಾಳಿ ಸೇರಿದ್ದವು. ಹಬ್ಬ ಮಾಡಿದ ವರ್ಷಗಳಲ್ಲೂ ಇಷ್ಟು ಇರುತ್ತಿರಲಿಲ್ಲ.

ತೊಂದರೆ ಒಂದೇ. ಅವ್ವ ಅಳುತ್ತಿರಲಿಲ್ಲ. ಅಪ್ಪನನ್ನು ಮಣ್ಣು ಮಾಡಿದ ದಿನವೂ ಅತ್ತಿರಲಿಲ್ಲ.

ಅಪ್ಪ ಕೆಟ್ಟವನೇನಲ್ಲ. ಹಬ್ಬದ ದಿನ ಮನೆಯವರ ಮುಖದಲ್ಲಿ ನಗು ಇರಬೇಕು ಎನ್ನುತ್ತಿದ್ದ, ಅಷ್ಟೇ. ಹೊಸ ಸೀರೆ ಉಡಿಸಿ, ಬಾಗಿಲಲ್ಲಿ ನಿಲ್ಲಿಸಿ, "ಹಬ್ಬ ಐತಿ, ನಗ್ರಿ" ಎಂದು ಗದರಿ ಫೋಟೋ ತೆಗೆಯುತ್ತಿದ್ದ. ನಸುಕಿನಲ್ಲೆದ್ದು ಇನ್ನೂರು ಕರ್ಚಿಕಾಯಿ ಕರಿದು ಬಂದ ಅವ್ವ ನಗುತ್ತಿದ್ದಳು. ನಮ್ಮ ಆಲ್ಬಮ್ಮಿನಲ್ಲಿ ಅವಳು ಇಪ್ಪತ್ತಾರು ವರ್ಷ ಒಂದೇ ಸಮನೆ ನಕ್ಕಿದ್ದಾಳೆ. ಹೇಳಿದಾಗ ನಗುತ್ತಿದ್ದವಳಿಗೆ ಹೇಳಿದಾಗ ಅಳಲು ಮಾತ್ರ ಆಗಲಿಲ್ಲ.

ಮೂಡಲಗಿಯ ಲಗಮಣ್ಣ ಕಾಕಾ, ಅಪ್ಪನ ತಮ್ಮ, ದಸರಾಕ್ಕೆ ಬಂದಿದ್ದ. ಅಳದಿದ್ದರೆ ದುಃಖ ತಲೆಗೇರುತ್ತದೆ ಎಂದು ಅವನಿಗೆ ಯಾರೋ ಹೇಳಿದ್ದರು. ಹೊರಡುವಾಗ ಅವ್ವನಿಗೆ ಹೇಳಿದ: "ವೈನಿ, ಒಮ್ಮಿ ಅತ್ತಬಿಡ್ರಿ. ಪಾಡ್ಯಾಕ್ಕ ಮತ್ತ ಬರ್ತೇನಿ. ಅವತ್ತೂ ಹಿಂಗ ಕುಂತಿದ್ರ ನಿಮ್ಮನ್ನ ಇಲ್ಲಿ ಬಿಡಾಂಗಿಲ್ರಿ."

ಮನೆ ಅಣ್ಣತಮ್ಮಂದಿರಿಬ್ಬರ ಹೆಸರಿನಲ್ಲಿದೆ. ಬೀಗ ಹಾಕುತ್ತೇನೆಂದರೆ ಹಾಕಿಯಾನು. ಕಾಕಾ ಒಳ್ಳೆಯವನು, ಕಷ್ಟವಿದ್ದದ್ದೇ ಅಲ್ಲಿ. ಮೂಡಲಗಿಯಲ್ಲಿ ಗೊಬ್ಬರದ ಚೀಲಗಳ ಬಾಜೂ ಒಂದು ಕೋಣೆಗೆ ನಮಗಾಗಿ ಸುಣ್ಣ ಹೊಡೆಸಿಯೂ ಆಗಿತ್ತು. ಅವ್ವನ ಹೊಲಿಗೆ ಮಷೀನಿಗೆ ಮಾತ್ರ ಅಲ್ಲಿ ಜಾಗವಿಲ್ಲ. ತಮ್ಮ ಮನೆಯ ಹೆಂಗಸು ಊರಮಂದಿಯ ಜಂಪರು ಹೊಲಿಯುವುದು ಅವನಿಗೆ ಸರಿಬರುವುದಿಲ್ಲ. ಅವ್ವನಿಗೆ ತನ್ನದು ಅಂತ ಇರುವುದು ಆ ಮಷೀನು, ಅದನ್ನಿಟ್ಟ ಕಿಟಕಿ, ಅಳತೆ ಕೊಡಲು ಬರುವ ಹುಡುಗಿಯರು.

ನಾವು ಪ್ರಯತ್ನ ಮಾಡಲಿಲ್ಲವೆಂದಲ್ಲ. ಉಳ್ಳಾಗಡ್ಡಿ ಹೆಚ್ಚಿದೆವು, ನೀರು ನನ್ನ ಕಣ್ಣಲ್ಲಿ ಬಂತು. ಅಪ್ಪನ ಚಾಳೀಸು ಅವಳ ಕೈಗೆ ಕೊಟ್ಟೆ. ಸೆರಗಿನಿಂದ ಗಾಜು ಒರೆಸಿ ಕಪಾಟಿನಲ್ಲಿಟ್ಟಳು.

ಪಾಡ್ಯದ ಬೆಳಿಗ್ಗೆ ಅವ್ವ ಅಳುವ ಮಾತೇ ಬಿಟ್ಟು ಬೇರೆ ಮಾತು ತೆಗೆದಳು. "ವಿಜೀ, ಇಪ್ಪತ್ತ ಕರ್ಚಿಕಾಯಿ ಮಾಡೂಣು. ನನಗ ಒಂದ ಬಿಸೀದ ತಿನ್ನೂದೈತಿ."

ಇಷ್ಟು ವರ್ಷವೂ ಎಲ್ಲರದೂ ಆಗಿ ಅವಳ ಪಾಲಿಗೆ ಬರುತ್ತಿದ್ದದ್ದು ಆರಿದ್ದು, ಒಡೆದದ್ದು. ಕಿಟಕಿ ಮುಚ್ಚಿದೆವು. ಮುಂಬಾಗಿಲ ಸಂದಿಗೆ ಅಪ್ಪನ ಟವೆಲ್ಲು ತುರುಕಿದೆವು. ಕಾಕಾ ಬರುವುದು ನಾಲ್ಕಕ್ಕೆ ಎಂದು ಲೆಕ್ಕ ಹಾಕಿ ಮಧ್ಯಾಹ್ನ ಒಲೆ ಹಚ್ಚಿದೆವು. ಮೊದಲ ಏಳು ಎಣ್ಣೆಯಲ್ಲಿದ್ದಾಗಲೇ ಬಾಗಿಲು ಬಡಿದರು.

ಕಾಕಾ, ಅವನ ಹೆಂಡತಿ ಸೀತವ್ವ ಕಾಕು, ಜೊತೆಗೆ ನಮ್ಮ ಓಣಿಯ ಯಲ್ಲವ್ವ. ಹಾಡಿ ಅಳುವುದರಲ್ಲಿ ಯಲ್ಲವ್ವನನ್ನು ಮೀರಿಸುವವರು ಈ ಭಾಗದಲ್ಲಿಲ್ಲ. ಇಬ್ಬರು ಹೆಂಗಸರ ಕೈಯಲ್ಲೂ ಆಗತಾನೆ ಕರಿದ ತಿನಿಸಿನ ಡಬ್ಬಿಗಳು. ಹೀಗಾಗಿ ಮನೆಯ ವಾಸನೆ ತಮ್ಮದೇ ಡಬ್ಬಿಯದು ಎಂದುಕೊಂಡರು. ಅವ್ವ ಅಡುಗೆಮನೆಯ ಬಾಗಿಲನ್ನು ನನ್ನ ಮುಂದೆ ಎಳೆದುಕೊಂಡು ಹೊರಗೆ ಹೋದಳು. ನಾನು ಸಂದಿಯಿಂದ ನೋಡುತ್ತಿದ್ದೆ.

ಯಲ್ಲವ್ವ ಅವ್ವನ ಕೊರಳಿಗೆ ಬಿದ್ದು ಶುರುಮಾಡಿದಳು. "ಹಬ್ಬಕ್ಕ ಎಲ್ಲಾರನೂ ನಗಸಾಂವ ಹ್ವಾದ್ಯಲ್ಲೋ ನಮ್ಮಪ್ಪಾ..." ಅವ್ವ ಕಂಬದ ಹಾಗೆ ನಿಂತಿದ್ದಳು. ಕಾಕಾ ಕೂರಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದ. ನಮ್ಮ ಗಂಟು ಕಟ್ಟಲು ಎಷ್ಟು ಹೊತ್ತು ಬೇಕು ಎಂದು ಕಾಕುವಿನ ಹತ್ತಿರ ಮೆಲ್ಲಗೆ ಕೇಳಿದ್ದೂ ನನಗೆ ಕೇಳಿಸಿತು.

ಅಷ್ಟರಲ್ಲಿ ಉರಿ ಹೇಗೋ ಜೋರಾಗಿತ್ತು. ಕರ್ಚಿಕಾಯಿ ಸೀದು ಹೊಗೆ ಹೊರಟಿತು. ಓಣಿಯಲ್ಲಿ ಪಟಾಕಿ ಹೊಡೆಯುತ್ತಿದ್ದರಿಂದ ಉಳಿದವರು ಅದರದೇ ಹೊಗೆಯೆಂದು ತೆರೆದ ಮುಂಬಾಗಿಲ ಕಡೆ ನೋಡಿ ಮೂಗು ಮುಚ್ಚಿಕೊಂಡರು. ಅವ್ವ ಒಬ್ಬಳೇ ಅಡುಗೆಮನೆಯ ಕಡೆ ತಿರುಗಿದಳು. ಬಾಗಿಲ ಸಂದಿಯನ್ನೇ ನೋಡಿದಳು. ಆಮೇಲೆ ಅವಳ ಬಾಯಿ ಸೊಟ್ಟಗಾಯಿತು. ನೆಲಕ್ಕೆ ಕುಸಿದು ಕೂತು, ಯಲ್ಲವ್ವನ ಹಾಡೂ ಕೇಳದಂತೆ ಅತ್ತಳು. ಹಾಗೆ ಅಳುವುದನ್ನು ನಾನು ಎಂದೂ ಕಂಡಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಸಾಕು ಮಾಡಬಾರದೇ ಎನ್ನಿಸಿತು. ಅವಳು ಸಾಕು ಮಾಡಲಿಲ್ಲ.

ಕಾಕಾ ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಂಡ. "ಆತ್ರಿ ವೈನಿ, ಎದಿ ಹಗುರಾತು. ನಾ ಇನ್ನ ಮೂಡಲಗಿಗೆ ಕರ್ಯಾಂಗಿಲ್ಲ. ಇಲ್ಲೇ ಇರ್ರಿ" ಎಂದ. ಯಲ್ಲವ್ವ ಅಂದಿನಿಂದ, ಐದು ತಿಂಗಳ ಕಲ್ಲನ್ನು ತಾನೊಬ್ಬಳೇ ಕರಗಿಸಿದೆ ಎಂದು ಓಣಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದಾಳೆ.

ಅವರು ಹೋದ ಮೇಲೆ ಅವ್ವ ಮುಖ ತೊಳೆದು ಬಂದು ಉಳಿದ ಹದಿಮೂರನ್ನು ಕರಿದಳು. ಒಲೆಯ ಮುಂದೆ ನಿಂತೇ ಮೂರು ತಿಂದಳು. ಹೂರಣಕ್ಕೆ ಏಲಕ್ಕಿ ಕಡಿಮೆಯಾಯಿತು ಎಂದಳು. ಈಗ ಮಷೀನಿನ ಮುಂದೆ ಕೂತು ಯಾರದೋ ಜಂಪರಿಗೆ ಹುಕ್ಕಿನ ಕಾಜಾ ಮಾಡುತ್ತಿದ್ದಾಳೆ.

ನಿನ್ನ ಮನೆಯವರಿಗೆಲ್ಲ ನನ್ನ ನಮಸ್ಕಾರ. ನಮ್ಮ ಡಬ್ಬಿಗಳನ್ನು ಖಾಲಿ ಮಾಡಲಾದರೂ ಒಮ್ಮೆ ಬಾ.

ನಿನ್ನ,
ವಿಜಯಶ್ರೀ

ತಾ.ಕ.: ಉರಿ ಹೇಗೋ ಜೋರಾಯಿತು ಎಂದು ಬರೆದಿದ್ದೇನೆ. ಉರಿ ಸಣ್ಣ ಮಾಡು ಎಂದು ಅವ್ವ ಕಣ್ಣಲ್ಲೇ ಹೇಳಿ ಹೋಗಿದ್ದಳು. ಗಂಟು ಕಟ್ಟುವ ಮಾತು ಕೇಳಿದ್ದೇ ನಾನು ದೊಡ್ಡದು ಮಾಡಿದೆ. ಅವಳ ಅಳು ಕೇಳಿದ ಮೇಲೆಯೇ ಆರಿಸಿದೆ. ಅವಳು ಅತ್ತದ್ದು ಯಾತಕ್ಕೆ ಎಂದು ನಾನಿನ್ನೂ ಕೇಳಿಲ್ಲ. ಕೇಳಿದರೆ ಹೇಳಿಬಿಟ್ಟಾಳು.