ಅಕ್ಕನ ಎಂಟುನೂರು ಎಂ.ಎಲ್.

ಏಪ್ರಿಲ್ 2, ಸೋಮವಾರ

ಮೂರನೇ ಸಲವೂ ಕಲ್ಲು. ಕಲ್ಲಂಗಡಿ ರಸ ಫ್ರೀಜರಿನ ತಟ್ಟೆಯಲ್ಲಿ ಹೆಪ್ಪುಗಟ್ಟಿ ಕೂತಿದೆ. ಚಮಚ ಬಗ್ಗಿತೇ ಹೊರತು ಅದು ಜಗ್ಗಲಿಲ್ಲ. ಮಗಳು ತಟ್ಟೆ ಬಡಿದು ನೋಡಿ, “ಅಮ್ಮ, ಇದ್ರಲ್ಲಿ ಮನೆ ಕಟ್ಬಹುದು” ಅಂದಳು. ಅಂಗಡಿಯ ಬಣ್ಣದ ನೀರು ಬೇಡ, ರಜೆ ಪೂರ್ತಿ ಮನೆಯಲ್ಲೇ ಹಣ್ಣಿನ ರಸದ ಐಸ್‌ಪುಡಿ, ಸ್ಲಶ್ ಮಾಡಿಕೊಡ್ತೀನಿ ಅಂತ ಕೊಚ್ಚಿಕೊಂಡವಳು ನಾನೇ. ಅನುಭವಿಸಬೇಕು.

ಸಕ್ಕರೆ ಸಾಲದೇ ಹೀಗಾಗಿರಬೇಕು. ನಾಳೆ ಪಾಕ ಮಾಡಿ ಹಾಕಿ ನೋಡಬೇಕು. ಎರಡು ಪ್ಯಾಂಟ್ ಗಿಡ್ಡ ಮಾಡುವುದಿದೆ, ಒಂದು ಜಿಪ್ ಬದಲಿಸುವುದಿದೆ. ಹೊಲಿಗೆ ಮಷಿನ್ ಕಡೆ ತಿರುಗಿಯೂ ನೋಡಿಲ್ಲ.

ಏಪ್ರಿಲ್ 4, ಬುಧವಾರ, ಸಂಜೆ

ಕೊನೆಗೂ ಬಂತು. ಪಾಕ, ಎರಡು ನಿಂಬೆಹಣ್ಣು, ಚಿಟಿಕೆ ಉಪ್ಪು. ಅರ್ಧ ಗಂಟೆಗೊಮ್ಮೆ ಮಷಿನ್ ಬಿಟ್ಟೆದ್ದು ಫೋರ್ಕಿನಿಂದ ಕೆರೆದೆ. ಐದನೇ ಸಲಕ್ಕೆ ಒದ್ದೆ ಸಕ್ಕರೆಯ ಹಾಗೆ ಹರಳು ಹರಳು, ಕೆಂಪಗೆ. ಮಗಳು ಮಾತಿಲ್ಲದೆ ಎರಡು ಕಪ್ ಖಾಲಿ ಮಾಡಿದಳು. ಅದೇ ಸರ್ಟಿಫಿಕೇಟು.

ಅಕ್ಕ ಇಳಿದು ಬಂದಳು. ಮೇಲಿನ ಮನೆ, ಹದಿನೆಂಟು ಮೆಟ್ಟಿಲು, ಈಗ ನಡುವೆ ಎರಡು ಕಡೆ ನಿಲ್ಲುತ್ತಾಳೆ. ಇವತ್ತು ಡಯಾಲಿಸಿಸ್ ದಿನ, ಮುಖ ಬಿಳುಚಿತ್ತು. ಕೈಯಲ್ಲಿ ಎಂದಿನ ಬಾಟಲಿ. ಭಾವ ಬೆಳಿಗ್ಗೆ ಎಂಟುನೂರು ಎಂ.ಎಲ್. ಅಳೆದು ತುಂಬಿಸಿ ಕೊಡುತ್ತಾರೆ, ಇಡೀ ದಿನಕ್ಕೆ ಅಷ್ಟೇ, ಕಿಡ್ನಿ ಸೋತ ಮೇಲೆ ಕುಡಿದದ್ದೆಲ್ಲ ಮೈಯಲ್ಲೇ ನಿಲ್ಲುತ್ತದೆ. ಊರ ಮಂದಿಯ ನೀರಿನ ಮೀಟರ್ ಓದುವ ಕೆಲಸ ಅವರದ್ದು. ಮನೆಗೆ ಬಂದರೆ ಹೆಂಡತಿಯ ಬಾಟಲಿ ಓದುತ್ತಾರೆ.

ತಟ್ಟೆಯನ್ನೇ ನೋಡುತ್ತಾ ನಿಂತಳು. “ಒಂದೇ ಒಂದು ಚಮಚ ಕೊಡೇ” ಅಂದಳು. ಇಪ್ಪತ್ತೆರಡು ವರ್ಷ ಮಕ್ಕಳನ್ನ ಗದರಿಸಿ ಪಾಠ ಹೇಳಿದ ಟೀಚರು, ಆ ದನಿಯಲ್ಲಿ ಕೇಳಬಾರದಿತ್ತು. ಕೊಟ್ಟೆ. ಕಣ್ಣು ಮುಚ್ಚಿಕೊಂಡು ಎಷ್ಟೋ ಹೊತ್ತು ಬಾಯಲ್ಲೇ ಇಟ್ಟುಕೊಂಡಳು.

ಏಪ್ರಿಲ್ 5

ಅರ್ಧ ಕಪ್. ಐಸ್ ತಾನೇ, ನೀರಲ್ಲವಲ್ಲ. ಡಾಕ್ಟರೂ ಐಸ್ ಚೂರು ಚೀಪಲಿಕ್ಕೆ ಹೇಳಿದ್ದಾರಂತೆ… ಅಕ್ಕನೇ ಹೇಳಿದ್ದು. “ನಿನ್ ಭಾವಂಗೆ ಹೇಳೋಕೆ ಹೋಗ್ಬೇಡ. ನೀರಿನ ಲೆಕ್ಕದ ಪುಸ್ತಕದಲ್ಲಿ ಇದಕ್ಕೂ ಒಂದು ಕಾಲಂ ಹಾಕ್ತಾರೆ.” ಇಬ್ಬರೂ ನಕ್ಕೆವು.

ಏಪ್ರಿಲ್ 10, ಮಂಗಳವಾರ

ದಿನಾ ನಾಲ್ಕಕ್ಕೆ ಬರುತ್ತಾಳೆ. ಶನಿವಾರ ಕರಬೂಜ. ಭಾನುವಾರ ಕಿತ್ತಳೆ. ನಿನ್ನೆ ಅನಾನಸ್, ನಾರು ನಾರು, ಸೋಸಬೇಕಿತ್ತು. ಇವತ್ತು ಮತ್ತೆ ಕಲ್ಲಂಗಡಿ. ಅವಳಿಗೆ ಒಂದು ಕಪ್, ಯಾವಾಗಲಾದರೂ ಒಂದೂವರೆ.

ಭಾವ ಫ್ರಿಜ್ ಮೇಲೆ ಅಂಟಿಸಿರುವ ಅಕ್ಕನ ಪಥ್ಯದ ಪಟ್ಟಿಯಲ್ಲಿ ಈ ಹಣ್ಣುಗಳಿಗೆಲ್ಲ ಕೆಂಪು ಗೀಟು ಇದೆ. ಮೇಲೆ ಹೋದಾಗಲೆಲ್ಲ ಕಣ್ಣಿಗೆ ಬೀಳುತ್ತದೆ, ಬೇರೆ ಕಡೆ ನೋಡುತ್ತೇನೆ. ಆದರೆ ಅಕ್ಕನ ಮುಖದಲ್ಲಿ ಕಳೆ ಬಂದಿದೆ. ಇವತ್ತು, ಹಿಂದೆ ತನ್ನ ಶಾಲೆಯ ಹೆಡ್‌ಮಾಸ್ಟರು ಅಸೆಂಬ್ಲಿಯಲ್ಲಿ ಮುಗ್ಗರಿಸಿ ಬಿದ್ದದ್ದನ್ನ ಎದ್ದು ನಿಂತು ಆ್ಯಕ್ಟ್ ಮಾಡಿ ತೋರಿಸಿದಳು. ಮಗಳು ನಕ್ಕೂ ನಕ್ಕೂ ಬಿಕ್ಕಳಿಸಿದಳು. ಎರಡು ವರ್ಷವಾಗಿತ್ತು ಇವಳನ್ನ ಹೀಗೆ ನೋಡಿ.

ಏಪ್ರಿಲ್ 16, ಸೋಮವಾರ



ಡಯಾಲಿಸಿಸ್‌ಗೆ ಮೊದಲು ತೂಕ ನೋಡುತ್ತಾರೆ. ಎರಡು ಕಿಲೋ ಏರಿದ್ದರೆ ಸರಿ, ಇವತ್ತು ನಾಲ್ಕು. ಮೈಯಲ್ಲಿ ನಾಲ್ಕು ಕಿಲೋ ನೀರು. ಬಾಟಲಿ ಲೆಕ್ಕಕ್ಕೆ ತಾಳೆಯಾಗಲ್ಲ ಅಂತ ನರ್ಸು ಭಾವನನ್ನೇ ತರಾಟೆಗೆ ತೆಗೆದುಕೊಂಡಳಂತೆ. ಮೇಲಿಂದ ಮಾತು ಕೇಳಿ ಓಡಿದೆ. ಭಾವ ಕೂಗಾಡುವವರಲ್ಲ. ಸಣ್ಣ ದನಿಯಲ್ಲೇ ಕೇಳುತ್ತಿದ್ದರು. “ಬಾತ್‌ರೂಮ್ ನಲ್ಲೀಲಿ ಕುಡೀತಿದ್ದೀಯಾ? ನಿಜ ಹೇಳು. ಬೈಯಲ್ಲ.”

ಅಕ್ಕ ನನ್ನ ಕಡೆ ನೋಡಿದಳು, ಒಂದೇ ಕ್ಷಣ. ಆಮೇಲೆ “ಹೂಂ” ಅಂದಳು. “ತಡೆಯೋಕಾಗಲ್ಲ. ಕುಡಿದೆ.”

ನಾನು ಬಾಗಿಲಲ್ಲೇ ನಿಂತಿದ್ದೆ. ಆಮೇಲೆ ಮೆಲ್ಲಗೆ ಇಳಿದು ಬಂದೆ.

ಏಪ್ರಿಲ್ 17

ಬೆಳಿಗ್ಗೆ ಕೋಟಿನ ತೋಳು ಬಿಚ್ಚುತ್ತಾ ಮಷಿನ್ ಪಕ್ಕ ಒಂದು ಕಪ್ ಸ್ಲಶ್ ಇಟ್ಟುಕೊಂಡಿದ್ದೆ. ಗಿರಾಕಿ ಬಂದರು, ಅಳತೆ, ಮಾತು… ಮರೆತೇ ಹೋಯಿತು. ತಿರುಗಿ ನೋಡಿದರೆ ಕಪ್ಪಿನಲ್ಲಿ ನೀರು. ಅಳೆಯುವ ಲೋಟಕ್ಕೆ ಬಗ್ಗಿಸಿದೆ. ನೂರಾ ತೊಂಬತ್ತು. ಅಂದರೆ ದಿನಾ ಅಕ್ಕನಿಗೆ ಭಾವ ಎಂಟುನೂರು ಕೊಟ್ಟರೆ, ಅದರ ಮೇಲೆ ನಾನು ಇನ್ನೂರು, ಮುನ್ನೂರು.

ಇಷ್ಟಾಗುತ್ತೆ ಅಂತ ಗೊತ್ತಿರಲಿಲ್ಲ.

ಸುಳ್ಳು. ಗೊತ್ತಿತ್ತು. ಒಂದಿಂಚು ಹೆಚ್ಚಾದರೆ ಬಟ್ಟೆ ಹಾಳು ಅಂತ ಎರಡೆರಡು ಸಲ ಟೇಪ್ ಹಿಡಿಯುವವಳು ನಾನು. ಈ ಕಪ್ಪು ಇಷ್ಟು ದಿನ ಅಳೆಯಲೇ ಇಲ್ಲ ಅಂದರೆ ಬೇಕೆಂದೇ ಅಳೆಯಲಿಲ್ಲ.

ಏಪ್ರಿಲ್ 19, ಗುರುವಾರ

ಅಕ್ಕ ಸ್ಲಶ್ ಕೇಳಿದರೆ ನಿನ್ನೆಯೂ ಇಲ್ಲ ಅಂದೆ, ಇವತ್ತೂ ಇಲ್ಲ ಅಂದೆ. “ಓಹೋ, ನೀನೂ ಮೀಟರ್ ಓದೋಕೆ ಶುರು ಮಾಡಿದ್ಯಾ” ಅಂದಳು. ಮುಖ ಗಂಟು ಹಾಕಿಕೊಂಡು ಹೋದಳು. ಮೆಟ್ಟಿಲ ಮೇಲೆ ನಿಂತು ಏದುಸಿರು ಬಿಡುವುದು ಕೇಳುತ್ತಿತ್ತು. ಹೋಗಿ ಕೈ ಹಿಡಿಯಲಿಲ್ಲ.

ಏಪ್ರಿಲ್ 21, ಶನಿವಾರ

ಕೊಟ್ಟೆ.

ಸೆಕೆ ಅಂದರೆ ಸೆಕೆ. ನಾಲ್ಕಕ್ಕೆ ಬಂದು ಗೋಡೆಗೊರಗಿ ಕೂತಳು. ನಾಲಿಗೆ ಒಣಗಿ ಮಾತು ತೊದಲುತ್ತಿತ್ತು. ಏನೂ ಕೇಳಲಿಲ್ಲ, ಮಗಳ ಕಪ್ಪು ನೋಡುತ್ತಾ ಕೂತಳು. ನೋಡಲಾಗಲಿಲ್ಲ. ಕಿತ್ತಳೆಯದು, ಒಂದು ಕಪ್. ಆಮೇಲೆ ಇನ್ನೊಂದು. ಮುನ್ನೂರ ಎಂಬತ್ತು. ಈ ಸಲ ಎಷ್ಟು ಅಂತ ಗೊತ್ತಿದ್ದೇ ಕೊಟ್ಟೆ.

ಏಪ್ರಿಲ್ 26, ಗುರುವಾರ

ಭಾನುವಾರ ಬೆಳಗಾಗುತ್ತಲೇ ಭಾವ ಬಾಗಿಲು ಬಡಿದರು. ಅಕ್ಕನಿಗೆ ಉಸಿರೇ ಸಿಗುತ್ತಿರಲಿಲ್ಲ. ಶ್ವಾಸಕೋಶಕ್ಕೆ ನೀರು. ರಕ್ತದಲ್ಲಿ ಪೊಟ್ಯಾಸಿಯಂ ಏರಿತ್ತು, ಇನ್ನೊಂದು ಗಂಟೆ ತಡವಾಗಿದ್ದರೆ ಹೃದಯ ನಿಲ್ಲುತ್ತಿತ್ತು ಅಂದರು ಡಾಕ್ಟರು. “ಹಣ್ಣು ಏನಾದ್ರೂ ತಿಂದಿದ್ರಾ?” “ಹಣ್ಣು ನಮ್ಮನೆಗೇ ತರಲ್ಲ ಸರ್” ಅಂದರು ಭಾವ. ನಾನು ಅವರ ಪಕ್ಕದ ಕುರ್ಚಿಯಲ್ಲೇ ಇದ್ದೆ.

ಮೂರು ದಿನ ಐ.ಸಿ.ಯು. ಮುಂದೆ ಕೂತೆವು. ಅವರು ತಮ್ಮನ್ನೇ ಬೈದುಕೊಂಡರು. “ನನ್ನ ತಪ್ಪು. ಗೊತ್ತಾದ ದಿನವೇ ನಲ್ಲಿ ಬಂದ್ ಮಾಡ್ಬೇಕಿತ್ತು. ಪುಣ್ಯಕ್ಕೆ ಕೆಳಗೆ ನೀನಿದ್ದೀಯ, ಒಂದಿಷ್ಟು ಹೊತ್ತಾದ್ರೂ ನಿನ್ನ ಕಣ್ಣೆದುರಿಗೆ ಇರ್ತಾಳೆ.” ಚಪ್ಪಲಿ ತೆಗೆದು ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ನಿನ್ನೆ ಮನೆಗೆ ಕರೆತಂದೆವು. ಬದುಕಿಕೊಂಡಳು.

ಏಪ್ರಿಲ್ 28, ಶನಿವಾರ

ಭಾವ ಬಾತ್‌ರೂಮಿನ ಚಿಲಕ ಬಿಚ್ಚಿ ತೆಗೆದಿದ್ದಾರೆ. ಅಕ್ಕ ಒಳಗೆ ಹೋದರೆ ಬಾಗಿಲು ಅರ್ಧ ತೆರೆದಿರಬೇಕು. ಹೊರಗೆ ಸ್ಟೂಲ್ ಹಾಕಿಕೊಂಡು ಕೂರುತ್ತಾರೆ, ಗೋಡೆ ಕಡೆ ಮುಖ ಮಾಡಿ. ರಜೆ ಹಾಕಿದ್ದಾರೆ ಇದಕ್ಕಂತಲೇ. ನಾನು ಊಟ ಕೊಡಲು ಹೋದಾಗ ಅಕ್ಕ ಒಳಗಿದ್ದಳು. ಭಾವ ತಲೆ ತಗ್ಗಿಸಿಕೊಂಡಿದ್ದರು. ಅವರಿಗೂ ನಾಚಿಕೆ.

ಅವರು ಆ ಕಡೆ ಹೋದಾಗ ಅಕ್ಕನ ಹತ್ತಿರ ಕೂತು, ಹೇಳಿಬಿಡ್ತೀನಿ ಅಂದೆ.

“ಹೇಳ್ಬೇಡ.”

“ನೀನು ಕದ್ದು ಕುಡಿದೋಳಲ್ಲ ಅಕ್ಕ. ಈ ಬಾಗಿಲು…”

“ಬಾಗಿಲು ಹಾಳಾಗ್ಲಿ. ಹೇಳಿದ್ರೆ ನಿನ್ನ ಮನೆಗೆ ಕಳಿಸ್ತಾರಾ ನನ್ನ? ನಾಲ್ಕು ಗಂಟೆಗೆ ನಾನು ಎಲ್ಲಿಗೆ ಹೋಗ್ಲಿ ಹೇಳು. ಈ ನಾಲ್ಕು ಗೋಡೆ ನೋಡ್ಕೊಂಡು ಕೂರ್ಲಾ?”

ಅವಳ ಕೈ ನನ್ನ ಕೈಯೊಳಗೇ ಇತ್ತು, ಸೂಜಿ ಚುಚ್ಚಿ ಚುಚ್ಚಿ ಗಂಟುಗಂಟಾದ ಕೈ. ಸರಿ ಅಂದು ಬಂದೆ. ಸರಿ ಅಂದದ್ದು ಅವಳಿಗೋಸ್ಕರವೋ ನನ್ನ ಹೆದರಿಕೆಗೋ ಗೊತ್ತಿಲ್ಲ. ಹೆದರಿಕೆಗೇ ಇರಬೇಕು.

ಏಪ್ರಿಲ್ 30, ಸೋಮವಾರ, ಬೆಳಿಗ್ಗೆ 11.20

ಭಾವ ಬಂದಿದ್ದಾರೆ. ಹೊರಗೆ ಮಷಿನ್ ಪಕ್ಕದ ಕುರ್ಚಿಯಲ್ಲಿ ಕೂತಿದ್ದಾರೆ. ಬೇಗ ಬರೆಯುತ್ತೇನೆ.

ಅಕ್ಕ ಆಸ್ಪತ್ರೆಯಲ್ಲಿದ್ದಾಳೆ, ಡಯಾಲಿಸಿಸ್ ಮಷಿನ್‌ಗೆ ಹಾಕಿಸಿ ಬಂದರು. ಕೈಯಲ್ಲಿ ಸಣ್ಣ ಬಾಟಲಿ. ನೂರು ಎಂ.ಎಲ್. ನೀರು. “ಇವಳ ಎಂಟುನೂರರಲ್ಲೇ ತೆಗೆದದ್ದು” ಅಂದರು. ಹಣ್ಣಿಲ್ಲದೆ, ಎರಡು ಹನಿ ನಿಂಬೆ ಹಿಂಡಿ ಹರಳು ಮಾಡಿ ಕೊಟ್ಟರೆ ಬಾಯಿ ತಂಪಾಗುತ್ತೆ ಅಂತ ಡಯಟೀಷಿಯನ್ ಹೇಳಿದರಂತೆ. “ನಿನ್ನ ಮಗಳು ಹೇಳ್ತಿದ್ಲು, ನೀನು ಚೆನ್ನಾಗಿ ಮಾಡ್ತೀಯಂತೆ. ದಿನಾ ಇಷ್ಟು ಮಾಡಿಕೊಡ್ತೀಯಾ? ಬೇರೆ ಯಾರ ಕೈಗೂ ಕೊಡೋಕೆ ಧೈರ್ಯ ಇಲ್ಲ ನಂಗೆ.”

ಬಾಟಲಿ ತೆಗೆದುಕೊಳ್ಳಲು ಕೈ ಚಾಚಿದೆ. ಆಗಲಿಲ್ಲ. ಹೇಳಿಬಿಟ್ಟೆ. ಅಕ್ಕ ಒಂದು ದಿನವೂ ನಲ್ಲಿ ಮುಟ್ಟಿಲ್ಲ ಭಾವ, ಕೊಟ್ಟವಳು ನಾನು, ಹಣ್ಣಿನದೇ ಕೊಟ್ಟೆ, ಅಂದೆ.

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. “ಆ ಬಾಗಿಲ ಹತ್ರ ನಾನು ಕೂತಿದ್ನಲ್ಲ…” ಅಂದು ಅಲ್ಲಿಗೇ ನಿಲ್ಲಿಸಿದರು. ಆಮೇಲೆ ಜೇಬಿಂದ ಪೆನ್ನು ತೆಗೆದರು. “ಯಾವತ್ತಿಂದ? ದಿನಕ್ಕೆ ಎಷ್ಟೆಷ್ಟು? ಡಾಕ್ಟರಿಗೆ ಸರಿಯಾಗಿ ಹೇಳ್ಬೇಕು.”

ಬರೆದಿಟ್ಟಿದ್ದೀನಿ ಅಂತ ಬಾಯಿಗೆ ಬಂದುಬಿಟ್ಟಿತು. ತರ್ತೀನಿ ಅಂದು ಒಳಗೆ ಬಂದೆ.

ಈ ಪುಸ್ತಕವೇ. ಬೇರೆ ಹಾಳೆಗೆ ತಾರೀಕು, ಕಪ್ಪು ಮಾತ್ರ ಇಳಿಸಿ ಕೊಡಬಹುದು. ಗೊತ್ತಿದ್ದೇ ಕೊಟ್ಟೆ ಅಂತ ಬರೆದ ಹಾಳೆ ಹರಿಯಬಹುದು, ಯಾರಿಗೂ ಗೊತ್ತಾಗಲ್ಲ. ಬೆರಳು ಆ ಹಾಳೆಯ ಮೇಲೇ ಇದೆ. ಅಕ್ಕ ಹೇಳಬೇಡ ಅಂದದ್ದೂ ಇದರಲ್ಲೇ ಇದೆ, ಇನ್ನು ಅವಳನ್ನ ಕೆಳಗೆ ಕಳಿಸುತ್ತಾರೋ ಇಲ್ಲವೋ…

ಕುರ್ಚಿ ಸರಿದ ಸದ್ದು. ಕರೆಯುತ್ತಿದ್ದಾರೆ. ಹರಿಯಲ್ಲ. ಹೀಗೇ ಕೊಡ್ತೀನಿ, ಪೂರ್ತಿ. ಬಂದೆ ಭಾವ, ಓದುವಾಗ ಇಪ್ಪತ್ತೊಂದನೇ ತಾರೀಕು ಮಾತ್ರ…